ಉಚಿತ ಹೋಸ್ಟಿಂಗ್: ವೆಬ್‌ಸೈಟ್‌ಗೆ ಬೀಗದ ಗುರುತು ಇದೆ, ಮೇಲ್‌ಗೆ ಮಾತ್ರ ಸರ್ಟಿಫಿಕೇಟ್ ಎಚ್ಚರಿಕೆ

ಕಡತವಾಹಿನಿ

ಎಲ್ಲರಿಗೂ ನಮಸ್ಕಾರ. ಉಚಿತ ಹೋಸ್ಟಿಂಗ್ ಖಾತೆಯಲ್ಲಿ ಸಣ್ಣದೊಂದು ಸೈಟ್ ಇಟ್ಟುಕೊಂಡಿದ್ದೇನೆ. ಡೊಮೇನ್ ನನ್ನದೇ, ದುಡ್ಡು ಕೊಟ್ಟು ತೆಗೆದುಕೊಂಡದ್ದು. ಹೋಸ್ಟಿಂಗ್ ಮಾತ್ರ ಬಿಟ್ಟಿ. ಅದರ ಜೊತೆಗೆ ಒಂದು ಮೇಲ್‌ಬಾಕ್ಸ್ ಕೂಡ ಕೊಟ್ಟಿದ್ದಾರೆ. ಸೈಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟ್ (ಸರ್ವರ್‌ನ ಹೆಸರನ್ನು ದೃಢಪಡಿಸುವ ಗುರುತುಪತ್ರ) ಹಾಕಿದ್ದೇನೆ, ಬ್ರೌಸರ್‌ನಲ್ಲಿ ಯಾವ ತಕರಾರೂ ಇಲ್ಲ. ತೊಂದರೆ ಇರುವುದು ಮೇಲ್‌ನಲ್ಲಿ:

ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಲ್ಲಿ ಸರ್ವರ್ ಹೆಸರು ಮೇಲ್.ನನ್ನತಾಣ.ಕಾಮ್, ಪೋರ್ಟ್ 993 ಎಂದು ಕೊಟ್ಟರೆ "ಈ ಸರ್ಟಿಫಿಕೇಟ್ ಬೇರೆ ಸೈಟ್‌ಗೆ ಸೇರಿದ್ದು" ಎನ್ನುತ್ತದೆ. ಮನೆಯಲ್ಲಿರುವ ಹಳೇ ಆಂಡ್ರಾಯ್ಡ್ ಫೋನಿನ ಮೇಲ್ ಆ್ಯಪ್ ಅಷ್ಟೂ ಹೇಳದೆ ಸಂಪರ್ಕವನ್ನೇ ನಿರಾಕರಿಸುತ್ತದೆ. ಸೈಟ್‌ನಲ್ಲಿರುವ ಸಂಪರ್ಕ ಫಾರ್ಮ್ ಪಿಎಚ್‌ಪಿಮೇಲರ್ ಎಂಬ ಮೇಲ್ ಕಳಿಸುವ ಕೋಡ್ ಮೂಲಕ ಜಿಮೇಲ್ ಸರ್ವರ್‌ಗೆ ಕಳಿಸಬೇಕು, ಅದು "ಸರ್ಟಿಫಿಕೇಟ್ ವೆರಿಫೈ ಫೇಲ್ಡ್" ಎಂದು ನಿಂತುಬಿಡುತ್ತದೆ.

ಹೋಸ್ಟ್‌ನ ಸಹಾಯ ಪುಟದಲ್ಲಿ ಇರುವುದು ಒಂದೇ ಸಾಲು: "ಎಚ್ಚರಿಕೆ ಬಂದರೆ ಎಕ್ಸೆಪ್ಶನ್ ಸೇರಿಸಿ ಮುಂದುವರಿಯಿರಿ." ಹಾಗೆ ಮಾಡಬಹುದಾ? ಮೂರೂ ಒಂದೇ ಕಾಯಿಲೆಯಾ, ಬೇರೆ ಬೇರೆಯಾ?

ಸುಮ್ನೆಓದುಗ

ಎಕ್ಸೆಪ್ಶನ್ ಒತ್ತಿ ಮುಂದೆ ಹೋಗಿ ಗುರೂ. ನಾನು ಎಷ್ಟೋ ಕಾಲದಿಂದ ಹಾಗೇ ಬಳಸ್ತಿದ್ದೀನಿ. ಬಿಟ್ಟಿ ಹೋಸ್ಟಿಂಗ್‌ನಲ್ಲಿ ಇದೆಲ್ಲ ಇದ್ದದ್ದೇ.

ಪೋರ್ಟ್‌ಪಾಲಕ

ಒತ್ತುವ ಮೊದಲು ಒಂದು ಕೆಲಸ ಮಾಡಿ. ಆ ಎಚ್ಚರಿಕೆಯ ಕಿಟಕಿಯಲ್ಲಿ "ಸರ್ಟಿಫಿಕೇಟ್ ನೋಡಿ" ಎಂಬ ಗುಂಡಿ ಇರುತ್ತದೆ. ತೆರೆದು ಮೂರು ವಿಷಯ ಇಲ್ಲಿ ಬರೆಯಿರಿ: ಅದರಲ್ಲಿ ಯಾವ ಯಾವ ಹೆಸರುಗಳಿವೆ ("ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್" ಎಂಬ ಭಾಗ ನೋಡಿ, ಬರೀ ಮೇಲಿನ ಕಾಮನ್ ನೇಮ್ ಅಲ್ಲ), ಕೊಟ್ಟವರು ಯಾರು, ಯಾವ ದಿನಾಂಕದವರೆಗೆ ಚಾಲ್ತಿ.

ಹೆಸರು ಹೊಂದದಿರುವುದು, ಅವಧಿ ಮುಗಿದಿರುವುದು, ಕೊಟ್ಟವರನ್ನು ನಿಮ್ಮ ಸಾಧನ ಗುರುತಿಸದಿರುವುದು, ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಬಗೆಯ ಕೆಂಪು ಕಿಟಕಿ ಬರುವುದರಿಂದ ಜನ ಎಲ್ಲವನ್ನೂ "ಎಸ್‌ಎಸ್‌ಎಲ್ ಪ್ರಾಬ್ಲಂ" ಅಂತ ಕರೆದು ಕೈತೊಳೆದುಕೊಳ್ಳುತ್ತಾರೆ.

ಕಡತವಾಹಿನಿ

ನೋಡಿದೆ. ಹೆಸರುಗಳು ಎರಡೇ: *.ಹೋಸ್ಟ್‌ಹೆಸರು.ನೆಟ್ ಮತ್ತು ಹೋಸ್ಟ್‌ಹೆಸರು.ನೆಟ್. (ನಿಜವಾದ ಹೆಸರು ಬೇಡ ಅಂತ ಬದಲಿಸಿ ಬರೆದಿದ್ದೇನೆ.) ಅವಧಿ ಇನ್ನೂ ಇದೆ. ಕೊಟ್ಟವರು ಲೆಟ್ಸ್ ಎನ್‌ಕ್ರಿಪ್ಟ್. ನನ್ನ ಡೊಮೇನ್‌ನ ಹೆಸರು ಎಲ್ಲೂ ಇಲ್ಲ. ಹಾಗಾದರೆ ನಾನು ಹಾಕಿದ ಸರ್ಟಿಫಿಕೇಟ್ ಎಲ್ಲಿ ಹೋಯಿತು?

ಪೋರ್ಟ್‌ಪಾಲಕ

ಎಲ್ಲೂ ಹೋಗಿಲ್ಲ, ವೆಬ್ ಸರ್ವರ್‌ನಲ್ಲೇ ಇದೆ. ಮೇಲ್ ಸರ್ವರ್ ಬೇರೆಯೇ ಪ್ರೋಗ್ರಾಂ, ಹಲವು ಸಲ ಬೇರೆ ಯಂತ್ರವೇ ಆಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಎಸ್‌ಎಸ್‌ಎಲ್ ಪುಟದಲ್ಲಿ ನೀವು ಹಾಕಿದ್ದು 443ನೇ ಪೋರ್ಟ್‌ನಲ್ಲಿ ಕೂತಿರುವ ವೆಬ್ ಸರ್ವರ್‌ಗೆ. 993ರಲ್ಲಿ ಕೂತವನಿಗೆ ಅದರ ಸುದ್ದಿಯೇ ಗೊತ್ತಿಲ್ಲ.

ಒಂದೇ ಐಪಿ ವಿಳಾಸದಲ್ಲಿ ಸಾವಿರಾರು ಗ್ರಾಹಕರ ಡೊಮೇನ್‌ಗಳು ಇರುತ್ತವೆ. ಬ್ರೌಸರ್ ಸಂಪರ್ಕಿಸುವಾಗ "ನನಗೆ ಬೇಕಾದ್ದು ಇಂಥ ಹೆಸರಿನ ಸೈಟ್" ಎಂದು ಮೊದಲೇ ಹೇಳುತ್ತದೆ, ಅದನ್ನು ಎಸ್‌ಎನ್‌ಐ ಎನ್ನುತ್ತಾರೆ. ವೆಬ್ ಸರ್ವರ್ ಆ ಹೆಸರಿಗೆ ತಕ್ಕ ಸರ್ಟಿಫಿಕೇಟ್ ತೆಗೆದು ತೋರಿಸುತ್ತದೆ. ಮೇಲ್ ಸರ್ವರ್‌ಗಳಿಗೂ ಈ ವಿದ್ಯೆ ಬರುತ್ತದೆ. ಡವ್‌ಕಾಟ್‌ನಲ್ಲಿ ಇದೆ, ಪೋಸ್ಟ್‌ಫಿಕ್ಸ್‌ನಲ್ಲಿ 2019ರ 3.4 ಆವೃತ್ತಿಯಿಂದ ಇದೆ. ಆದರೆ ಪ್ರತಿ ಗ್ರಾಹಕರ ಡೊಮೇನ್‌ಗೂ ಅದನ್ನು ಹೊಂದಿಸುವ ತೊಂದರೆ ಉಚಿತ ಖಾತೆಗಳಿಗೆ ಯಾರು ತೆಗೆದುಕೊಳ್ಳುತ್ತಾರೆ? ಎಲ್ಲರಿಗೂ ತಮ್ಮ ಸ್ವಂತ ಹೆಸರಿನ ಒಂದೇ ಸರ್ಟಿಫಿಕೇಟ್ ತೋರಿಸುತ್ತಾರೆ.

ಅಂದರೆ ಸರ್ವರ್ ಸುಳ್ಳು ಹೇಳುತ್ತಿಲ್ಲ. "ನಾನು ಹೋಸ್ಟ್‌ಹೆಸರು.ನೆಟ್ ಗುಂಪಿನವನು" ಎಂದು ಸತ್ಯವನ್ನೇ ಹೇಳುತ್ತಿದೆ. ನೀವು ಕರೆದ ಹೆಸರು ಬೇರೆ, ಅಷ್ಟೇ.

ಹಾಗಾಗಿ ಅದರ ಹೆಸರಿನಿಂದಲೇ ಕರೆಯಿರಿ. ಪ್ಯಾನೆಲ್‌ನಲ್ಲಿ "ಸರ್ವರ್ ಮಾಹಿತಿ" ಅಥವಾ "ಮೇಲ್ ಕ್ಲೈಂಟ್ ಸೆಟ್ಟಿಂಗ್" ಪುಟದಲ್ಲಿ ಸರ್ವರ್12.ಹೋಸ್ಟ್‌ಹೆಸರು.ನೆಟ್ ಥರದ ಹೆಸರು ಇರುತ್ತದೆ. ಥಂಡರ್‌ಬರ್ಡ್‌ನಲ್ಲಿ ಸರ್ವರ್ ಹೆಸರಿನ ಜಾಗದಲ್ಲಿ ಅದನ್ನು ಹಾಕಿ. ಯೂಸರ್‌ನೇಮ್ ನಿಮ್ಮ ಪೂರ್ತಿ ಇಮೇಲ್ ವಿಳಾಸವೇ ಇರಲಿ, ಅದನ್ನು ಮುಟ್ಟಬೇಡಿ. ನಿಮಗೆ ಬರುವ, ನೀವು ಕಳಿಸುವ ಪತ್ರಗಳಲ್ಲಿ ವಿಳಾಸ ಮೊದಲಿನಂತೆಯೇ ಇರುತ್ತದೆ. ಸರ್ವರ್ ಹೆಸರು ನಿಮ್ಮ ಡೊಮೇನ್‌ನದೇ ಆಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಒಂದು ಎಚ್ಚರ: ನಕ್ಷತ್ರ ಚಿಹ್ನೆ ಒಂದೇ ಹಂತಕ್ಕೆ ಸಲ್ಲುತ್ತದೆ. ಸರ್ವರ್12.ಹೋಸ್ಟ್‌ಹೆಸರು.ನೆಟ್ ನಡೆಯುತ್ತದೆ, ಮೇಲ್.ಸರ್ವರ್12.ಹೋಸ್ಟ್‌ಹೆಸರು.ನೆಟ್ ನಡೆಯುವುದಿಲ್ಲ.

ಡಿಎನ್‌ಎಸ್‌ಭಕ್ತ

ಇಷ್ಟೆಲ್ಲ ಯಾಕೆ? ಮೇಲ್.ನನ್ನತಾಣ.ಕಾಮ್ ಅನ್ನು ಸರ್ವರ್12.ಹೋಸ್ಟ್‌ಹೆಸರು.ನೆಟ್‌ಗೆ ಸಿನೇಮ್ ಮಾಡಿದರೆ ಮುಗಿಯಿತಲ್ಲ. ಸೆಟ್ಟಿಂಗ್‌ನಲ್ಲಿ ನಮ್ಮ ಹೆಸರೇ ಇರುತ್ತೆ, ನೋಡೋಕೂ ಚಂದ.

ಪೋರ್ಟ್‌ಪಾಲಕ

ಮುಗಿಯುವುದಿಲ್ಲ. ಸಿನೇಮ್ ಹೇಳುವುದು "ಆ ಹೆಸರಿನ ಐಪಿಯನ್ನು ಇಲ್ಲಿಂದ ತೆಗೆದುಕೋ" ಎಂದು ಮಾತ್ರ. ಮೇಲ್ ಆ್ಯಪ್ ಸರ್ಟಿಫಿಕೇಟ್ ಪರಿಶೀಲಿಸುವಾಗ ಹೋಲಿಸುವುದು ನೀವು ಟೈಪ್ ಮಾಡಿದ ಹೆಸರಿನ ಜೊತೆ, ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ವ್ಯವಸ್ಥೆ) ಸುತ್ತಿಸಿಕೊಂಡು ಬಂದ ಹೆಸರಿನ ಜೊತೆ ಅಲ್ಲ. ಅದು ಹಾಗೇ ಇರಬೇಕು ಕೂಡ. ಡಿಎನ್‌ಎಸ್ ಉತ್ತರವನ್ನು ತಿರುಚಬಲ್ಲವನು ಸಿನೇಮ್ ತೋರಿಸಿ ತನ್ನ ಸರ್ಟಿಫಿಕೇಟನ್ನೇ ನಿಮ್ಮಿಂದ ಒಪ್ಪಿಸಿಕೊಂಡರೆ ಪರಿಶೀಲನೆಗೆ ಅರ್ಥವೇನು?

ಬೈಟುಬಳಗ

ಇದೇ ಎಳೆಯಲ್ಲಿ ಒಂದು ಅಡ್ಡಪ್ರಶ್ನೆ. ನನ್ನ ಡೊಮೇನ್ ಕ್ಲೌಡ್‌ಫ್ಲೇರ್‌ನಲ್ಲಿದೆ. ಅವರು ಉಚಿತವಾಗಿ ಎಸ್‌ಎಸ್‌ಎಲ್ ಕೊಡುತ್ತಾರಲ್ಲ, ಅದು ಮೇಲ್‌ಗೂ ಆಗಬೇಕಲ್ಲವೇ? ಕಿತ್ತಳೆ ಮೋಡ ಹಚ್ಚಿದ ಮೇಲೆ ಎಚ್ಚರಿಕೆಯೂ ಬರುತ್ತಿಲ್ಲ, ಮೇಲೂ ಬರುತ್ತಿಲ್ಲ :)

ಡಿಎನ್‌ಎಸ್‌ಭಕ್ತ

ಇದು ನನ್ನ ಏರಿಯಾ. ಕಿತ್ತಳೆ ಮೋಡ ಅಂದರೆ ಪ್ರಾಕ್ಸಿ, ಅಂದರೆ ನಡುವೆ ನಿಂತು ದಾಟಿಸೋ ಸರ್ವರ್. ಅದು ವೆಬ್ ಸಂಚಾರವನ್ನು ಮಾತ್ರ ದಾಟಿಸುತ್ತೆ, ಮೇಲ್‌ನ ಪೋರ್ಟ್‌ಗಳಾದ 993, 465, 587 ಇವು ಯಾವುವೂ ಅದರೊಳಗೆ ಹೋಗಲ್ಲ. ಅದಕ್ಕೇ ಸದ್ದಿಲ್ಲ. ಮೇಲ್‌ಗೆ ಬಳಸುವ ದಾಖಲೆ ಯಾವಾಗಲೂ ಬೂದು ಮೋಡದಲ್ಲಿರಲಿ (ಪ್ರಾಕ್ಸಿ ಆಫ್). ಅವರ ಸರ್ಟಿಫಿಕೇಟ್ ಇರೋದು ಅವರ ಅಂಚಿನ ಸರ್ವರ್‌ನಲ್ಲಿ, ನಿಮ್ಮ ಮೇಲ್ ಸರ್ವರ್‌ನಲ್ಲಲ್ಲ. ಇನ್ನು "ಒರಿಜಿನ್ ಸರ್ಟಿಫಿಕೇಟ್" ಅಂತ ಒಂದು ಕೊಡ್ತಾರೆ, ಅದನ್ನು ನಂಬೋದು ಕ್ಲೌಡ್‌ಫ್ಲೇರ್ ಮಾತ್ರ. ಮೇಲ್ ಆ್ಯಪ್ ಮುಂದೆ ಅದನ್ನಿಟ್ಟರೆ ಹೊಸ ಎಚ್ಚರಿಕೆ ಬರುತ್ತೆ.

ಹಳೇಕೀಲಿ

ಎಕ್ಸೆಪ್ಶನ್ ವಿಷಯಕ್ಕೆ ವಾಪಸ್ ಬರುತ್ತೇನೆ, ಸುಮ್ನೆಓದುಗರ ಸಲಹೆ ಹಾಗೇ ತೇಲಿಹೋಗುವುದು ಬೇಡ.

ಥಂಡರ್‌ಬರ್ಡ್‌ನಲ್ಲಿ ಎಕ್ಸೆಪ್ಶನ್ ಸೇರಿಸಿದಾಗ ಅದು ಆ ಸರ್ವರ್ ಹೆಸರು, ಆ ಪೋರ್ಟ್, ಆ ಒಂದೇ ಸರ್ಟಿಫಿಕೇಟ್‌ನ ಬೆರಳಚ್ಚು (ಅದನ್ನು ಗುರುತಿಸುವ ಅಂಕೆ-ಅಕ್ಷರಗಳ ಸಾಲು), ಇವಿಷ್ಟನ್ನು ನೆನಪಿಟ್ಟುಕೊಳ್ಳುತ್ತದೆ. ಹೋಸ್ಟ್ ಸರ್ಟಿಫಿಕೇಟ್ ನವೀಕರಿಸಿದ ದಿನ ಬೆರಳಚ್ಚು ಬದಲಾಗುತ್ತದೆ, ಕಿಟಕಿ ಮತ್ತೆ ಬರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನವರದು 90 ದಿನದ ಅವಧಿ, ಅದು ಮುಗಿಯುವ ಮೊದಲೇ ನವೀಕರಿಸುವುದು ರೂಢಿ. ಅಂದರೆ ವರ್ಷಕ್ಕೆ ಹಲವು ಸಲ ಅದೇ ಕಿಟಕಿ, ಅದೇ ಗುಂಡಿ. ದಾರಿಯ ನಡುವೆ ಯಾರೋ ಕೂತು ತಮ್ಮ ಸರ್ಟಿಫಿಕೇಟ್ ತೋರಿಸಿದ ದಿನವೂ ಬರುವುದು ಅದೇ ಕಿಟಕಿಯೇ. ಅಭ್ಯಾಸವಾದ ಬೆರಳು ಅಂದೂ ಒತ್ತುತ್ತದೆ.

ಮುಂದೆ ಇದು ಇನ್ನೂ ಹೆಚ್ಚಾಗಲಿದೆ. ಸರ್ಟಿಫಿಕೇಟ್ ಕೊಡುವವರೂ ಬ್ರೌಸರ್ ತಯಾರಕರೂ ಸೇರಿ ಒಪ್ಪಿಕೊಂಡ ನಿಯಮದ ಪ್ರಕಾರ, ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಹಿಂದೆ 398 ದಿನವಿತ್ತು. ಎಕ್ಸೆಪ್ಶನ್ ನಂಬಿಕೊಂಡು ಬದುಕುವವರು ಲೆಕ್ಕ ಹಾಕಿಕೊಳ್ಳಿ.

ಸುಮ್ನೆಓದುಗ

ಬಿಟ್ಟಿ ಮೇಲ್‌ಬಾಕ್ಸ್‌ಗೆ ಇಷ್ಟು ದೊಡ್ಡ ರಾಮಾಯಣ ಬೇಕಾ? ಅದರಲ್ಲಿ ಕದಿಯೋಕೆ ಏನಿದೆ ಅಂತ.

ಹಳೇಕೀಲಿ

ಮೇಲ್‌ಬಾಕ್ಸ್‌ನಲ್ಲಿ ಏನೂ ಇಲ್ಲದಿರಬಹುದು. ಆದರೆ ಬೇರೆ ಕಡೆಯ ಪಾಸ್‌ವರ್ಡ್ ಮರೆತಾಗ ರೀಸೆಟ್ ಕೊಂಡಿ ಬರುವುದು ಎಲ್ಲಿಗೆ? ಡೊಮೇನ್ ರಿಜಿಸ್ಟ್ರಾರ್ ಖಾತೆಗೆ ಇದೇ ವಿಳಾಸ ಕೊಟ್ಟಿದ್ದರೆ ಡೊಮೇನ್ ಕೂಡ ಅದರ ಹಿಂದೆಯೇ ಹೋಗುತ್ತದೆ.

ಎಕ್ಸೆಪ್ಶನ್ ಯಾವಾಗಲೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೀವೇ ನಡೆಸುವ ಸರ್ವರ್, ನೀವೇ ಮಾಡಿದ ಸೆಲ್ಫ್‌ಸೈನ್ಡ್ ಸರ್ಟಿಫಿಕೇಟ್, ಬೆರಳಚ್ಚನ್ನು ಸರ್ವರ್‌ನಲ್ಲೇ ನೋಡಿ ಹೋಲಿಸಿದ್ದೀರಿ ಎಂದಾದರೆ ಒತ್ತಿ, ಆ ಗುಂಡಿ ಇರುವುದೇ ಅದಕ್ಕೆ. ಇಲ್ಲಿ ಸರಿಯಾದ ಹೆಸರು ಹಾಕಿದರೆ ಎಚ್ಚರಿಕೆಯೇ ಬರುವುದಿಲ್ಲ ಎಂದಾಗ ಒತ್ತುವುದೇಕೆ?

ಕಡತವಾಹಿನಿ

ಪೋರ್ಟ್‌ಪಾಲಕರೇ, ಸರ್ವರ್12 ಹೆಸರು ಹಾಕಿದೆ, ಮೇಲ್ ಬಂತು! ಎಚ್ಚರಿಕೆ ಇಲ್ಲ. ಆದರೆ ಕಳಿಸಲು ಹೋದರೆ ಮತ್ತೆ ಹಳೇ ಎಚ್ಚರಿಕೆ. 465ರ ಬದಲು 587 ಹಾಕಿ ನೋಡಿದೆ, ಆಗ ಸಂಪರ್ಕವೇ ಆಗುತ್ತಿಲ್ಲ.

ಪೋರ್ಟ್‌ಪಾಲಕ

ಥಂಡರ್‌ಬರ್ಡ್‌ನಲ್ಲಿ ಹೊರಹೋಗುವ ಸರ್ವರ್‌ನ ಪಟ್ಟಿ ಪ್ರತ್ಯೇಕ, ಖಾತೆ ಸೆಟ್ಟಿಂಗ್‌ನ ಎಡಬದಿಯಲ್ಲಿ ತೀರಾ ಕೆಳಗೆ ಇರುತ್ತದೆ. ಅಲ್ಲಿ ಹಳೇ ಹೆಸರೇ ಉಳಿದಿದೆ, ಬದಲಿಸಿ.

587ರದ್ದು ಸರ್ಟಿಫಿಕೇಟ್ ಸಮಸ್ಯೆ ಅಲ್ಲ. 465 ಎಂದರೆ ಮೊದಲ ಕ್ಷಣದಿಂದಲೇ ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಹೊಸ ರೂಪ, ಸಂಪರ್ಕವನ್ನು ಗುಟ್ಟಾಗಿಡುವ ವಿಧಾನ), ಅದಕ್ಕೆ "ಎಸ್‌ಎಸ್‌ಎಲ್/ಟಿಎಲ್‌ಎಸ್" ಆರಿಸಬೇಕು. 587ರಲ್ಲಿ ಮಾತು ಬಿಚ್ಚಾಗಿ ಶುರುವಾಗಿ ಆಮೇಲೆ ಟಿಎಲ್‌ಎಸ್‌ಗೆ ಬದಲಾಗುತ್ತದೆ, ಅದಕ್ಕೆ "ಸ್ಟಾರ್ಟ್‌ಟಿಎಲ್‌ಎಸ್" ಆರಿಸಬೇಕು. ಪೋರ್ಟ್ ಬದಲಿಸಿ ಭದ್ರತೆಯ ಆಯ್ಕೆ ಹಾಗೇ ಬಿಟ್ಟರೆ ಇಬ್ಬರೂ ಎದುರುಬದುರು ಕೂತು ಬೇರೆ ಭಾಷೆ ಆಡುತ್ತಾರೆ. ಒಳಬರುವುದಕ್ಕೂ ಹೀಗೆಯೇ: 993 ಮತ್ತು 995 ಮೊದಲ ಬಗೆ, 143 ಮತ್ತು 110 ಎರಡನೇ ಬಗೆ. 2018ರ ಆರ್‌ಎಫ್‌ಸಿ 8314 ಮೊದಲ ಬಗೆಯನ್ನೇ ಬಳಸಿ ಎನ್ನುತ್ತದೆ, ನೀವೂ 465ರಲ್ಲೇ ಇರಿ.

ಕಡತವಾಹಿನಿ

ಆಯಿತು, ಕಂಪ್ಯೂಟರ್‌ನಲ್ಲಿ ಎರಡೂ ಸರಿ. ಫೋನ್‌ನಲ್ಲಿ ಅದೇ ಹೆಸರು ಹಾಕಿದರೂ ಒಪ್ಪುತ್ತಿಲ್ಲ. ಆಂಡ್ರಾಯ್ಡ್ 6.

ಹಳೇಕೀಲಿ

ಅಲ್ಲಿಗೆ ಅದು ಬೇರೆ ಕಾಯಿಲೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ಮೂಲ ಸರ್ಟಿಫಿಕೇಟ್ (ಉಳಿದವುಗಳ ಮೇಲಿನ ನಂಬಿಕೆಗೆ ಬೇರಾಗಿರುವುದು), ಐಎಸ್‌ಆರ್‌ಜಿ ರೂಟ್ ಎಕ್ಸ್1, ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನ್‌ಗಳ ನಂಬಿಕೆಯ ಪಟ್ಟಿಯಲ್ಲಿ ಇಲ್ಲ. ಮೊದಲು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಹಳೆಯ ಮೂಲದ ಬೆಂಬಲದಲ್ಲಿ ನಡೆಯುತ್ತಿತ್ತು. ಅದರ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮೂಲ ಸರ್ಟಿಫಿಕೇಟ್‌ನ ಅವಧಿಯನ್ನು ಆಂಡ್ರಾಯ್ಡ್ ನೋಡುವುದಿಲ್ಲ ಎಂಬ ಗುಟ್ಟನ್ನು ಬಳಸಿಕೊಂಡು 2024ರ ಸೆಪ್ಟೆಂಬರ್ ಕೊನೆಯವರೆಗೆ ವಿಶೇಷ ಅಡ್ಡಸಹಿಯೊಂದಿಗೆ ಎಳೆದರು. ಈಗ ಅದೂ ಇಲ್ಲ.

ಐಎಸ್‌ಆರ್‌ಜಿ ರೂಟ್ ಎಕ್ಸ್1 ಫೈಲನ್ನು ಲೆಟ್ಸ್ ಎನ್‌ಕ್ರಿಪ್ಟ್‌ನ ಅಧಿಕೃತ ತಾಣದಿಂದಲೇ, ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಫೋನ್‌ನ ಭದ್ರತಾ ಸೆಟ್ಟಿಂಗ್‌ನಲ್ಲಿ ಸೇರಿಸಬಹುದು. ಪರದೆಗೆ ಬೀಗ ಹಾಕಲೇಬೇಕು ಎಂದು ಕೇಳುತ್ತದೆ. ಬಳಕೆದಾರ ಸೇರಿಸಿದ ಮೂಲಗಳನ್ನು ಆಂಡ್ರಾಯ್ಡ್ 6ರ ಆ್ಯಪ್‌ಗಳು ಸಾಮಾನ್ಯವಾಗಿ ಒಪ್ಪುತ್ತವೆ (7ರಿಂದ ಆ ನಿಯಮ ಬದಲಾಯಿತು). ಭದ್ರತಾ ತೇಪೆಗಳೇ ನಿಂತುಹೋದ ಫೋನ್‌ನಲ್ಲಿ ಮೇಲ್ ಇಡಬೇಕೇ ಎಂಬುದು ನಿಮ್ಮ ತೀರ್ಮಾನ. ನಾನಾದರೆ ಇಡುವುದಿಲ್ಲ.

ಫೋನ್‌ನ ದಿನಾಂಕ ಸರಿಯಿದೆಯೇ ಎಂದೂ ಒಮ್ಮೆ ನೋಡಿ. ಬ್ಯಾಟರಿ ಸತ್ತು ಎದ್ದ ಹಳೇ ಫೋನ್‌ಗಳು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತವೆ, ಅವಕ್ಕೆ ಇವತ್ತಿನ ಸರ್ಟಿಫಿಕೇಟ್‌ಗಳೆಲ್ಲ "ಇನ್ನೂ ಚಾಲ್ತಿಗೆ ಬಂದಿಲ್ಲ".

ಮುಗಿಲಂಚು

ನನ್ನದು ಔಟ್‌ಲುಕ್. ಸರ್ವರ್ ಹೆಸರು ಮೊದಲಿನಿಂದಲೂ ಹೋಸ್ಟ್‌ನದೇ ಹಾಕಿದ್ದೀನಿ. ಆದರೂ ತೆರೆದಾಗಲೆಲ್ಲ ಒಂದು ಪಾಪ್‌ಅಪ್. ಓಕೆ ಒತ್ತಿದರೆ ಮೇಲ್ ಬರುತ್ತೆ.

ಪೋರ್ಟ್‌ಪಾಲಕ

ಆ ಪಾಪ್‌ಅಪ್‌ನ ತಲೆಯಲ್ಲಿ ಯಾವ ಹೆಸರು ಬರೆದಿದೆ ಓದಿ. ಆಟೋಡಿಸ್ಕವರ್.ನಿಮ್ಮಡೊಮೇನ್ ಎಂದಿರುತ್ತದೆ ಎಂದು ನನ್ನ ಊಹೆ. ಔಟ್‌ಲುಕ್ ಸೆಟ್ಟಿಂಗ್ ಹುಡುಕಲು ತಾನಾಗಿ ಆ ಹೆಸರಿಗೆ ಎಚ್‌ಟಿಟಿಪಿಎಸ್‌ನಲ್ಲಿ ಹೋಗುತ್ತದೆ, ಅಲ್ಲಿ ಹೋಸ್ಟ್‌ನ ಸರ್ಟಿಫಿಕೇಟ್ ಸಿಗುತ್ತದೆ. ನಿಮಗೆ ಬೇಡದಿದ್ದರೆ ಆ ಡಿಎನ್‌ಎಸ್ ದಾಖಲೆಯನ್ನೇ ಅಳಿಸಿ. ಡೊಮೇನ್‌ಗೆ ವೈಲ್ಡ್‌ಕಾರ್ಡ್ ದಾಖಲೆ ಇದ್ದರೆ ಅದು ಆಟೋಡಿಸ್ಕವರ್‌ಗೂ ಉತ್ತರ ಕೊಡುತ್ತಿರುತ್ತದೆ, ಅದನ್ನೂ ನೋಡಿ.

ಮುಗಿಲಂಚು

ಹೌದು, ಅದೇ ಹೆಸರು. ದಾಖಲೆ ತೆಗೆದೆ, ಪಾಪ್‌ಅಪ್ ನಿಂತಿತು. ಧನ್ಯವಾದ.

ನಿಧಾನಸ್ಥ

ಮೂರನೆಯದನ್ನು ಎಲ್ಲರೂ ಬಿಟ್ಟಿದ್ದೀರಿ, ಫಾರ್ಮ್. ನನಗೆ ಈ ಎಳೆಯಲ್ಲಿ ಅತಿ ಮುಖ್ಯವಾಗಿ ಕಾಣುವುದು ಅದು.

ಕಡತವಾಹಿನಿ, ಪಿಎಚ್‌ಪಿಮೇಲರ್‌ನ ಎಸ್‌ಎಂಟಿಪಿಡೀಬಗ್ (ಮೇಲ್ ಕಳಿಸುವಾಗಿನ ಮಾತುಕತೆ ತೋರಿಸುವ ಆಯ್ಕೆ) ಅನ್ನು 3ಕ್ಕೆ ಏರಿಸಿ ಒಂದು ಸಲ ಕಳಿಸಿ, ಬರುವ ಪೂರ್ತಿ ಸಂದೇಶ ಹಾಕಿ. ಪಾಸ್‌ವರ್ಡ್ ಇರುವ ಸಾಲು ಇದ್ದರೆ ತೆಗೆದು ಹಾಕಿ. ಪರಿಶೀಲನೆಯನ್ನೇ ಆಫ್ ಮಾಡುವ, ಅಂತರ್ಜಾಲದಲ್ಲಿ ಸಿಗುವ "ವೆರಿಫೈ_ಪೀರ್ ಫಾಲ್ಸ್" ಸಾಲುಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಕಡತವಾಹಿನಿ

ಆ ಸಾಲುಗಳು ಹುಡುಕಿದ ಕಡೆಯೆಲ್ಲ ಸಿಕ್ಕಿದವು, ಹಾಕಿಲ್ಲ. ಸಂದೇಶದ ಮುಖ್ಯ ಭಾಗ ಕನ್ನಡದಲ್ಲಿ ಹೇಳಿದರೆ ಹೀಗೆ:

> ಎದುರಿನ ಸರ್ಟಿಫಿಕೇಟ್‌ನ ಹೆಸರು *.ಹೋಸ್ಟ್‌ಹೆಸರು.ನೆಟ್, ನಿರೀಕ್ಷಿಸಿದ ಹೆಸರು ಎಸ್‌ಎಂಟಿಪಿ.ಜಿಮೇಲ್.ಕಾಮ್, ಹೊಂದಿಕೆಯಾಗಲಿಲ್ಲ

ಇದು ಹೇಗೆ ಸಾಧ್ಯ? ನಾನು ಹೋಗುತ್ತಿರುವುದು ಜಿಮೇಲ್‌ಗೆ!

ನಿಧಾನಸ್ಥ

ಹೋಗಲು ಹೊರಟಿದ್ದೀರಿ, ತಲುಪುತ್ತಿಲ್ಲ.

ಉಚಿತ ಖಾತೆಗಳಿಂದ ಸ್ಪ್ಯಾಮ್ ಹೊರಡುವುದು ಹೋಸ್ಟ್‌ಗಳ ದೊಡ್ಡ ತಲೆನೋವು. ಕೆಲವರು 25, 465, 587 ಪೋರ್ಟ್‌ಗಳನ್ನು ಹೊರಕ್ಕೆ ಮುಚ್ಚಿಬಿಡುತ್ತಾರೆ, ಆಗ "ಸಮಯ ಮೀರಿತು" ಎಂಬ ದೋಷ ಬರುತ್ತದೆ. ಇನ್ನು ಕೆಲವರು ಮುಚ್ಚುವುದಿಲ್ಲ, ತಿರುಗಿಸುತ್ತಾರೆ: ನಿಮ್ಮ ಕೋಡ್ ಯಾವ ಮೇಲ್ ಸರ್ವರ್ ಹೆಸರು ಹೇಳಿದರೂ ಫೈರ್‌ವಾಲ್ ಆ ಸಂಪರ್ಕವನ್ನು ಹೋಸ್ಟ್‌ನ ಸ್ವಂತ ಮೇಲ್ ಸರ್ವರ್‌ಗೆ ಒಯ್ದು ಬಿಡುತ್ತದೆ. ನಿಮ್ಮ ಕೋಡ್ ಜಿಮೇಲ್ ಎಂದು ಬಾಗಿಲು ತಟ್ಟಿತು, ತೆರೆದದ್ದು ಹೋಸ್ಟ್. ಸರ್ಟಿಫಿಕೇಟ್ ಇದ್ದದ್ದರಿಂದ ಅದು ಗೊತ್ತಾಯಿತು. ಪಿಎಚ್‌ಪಿ 5.6ರಿಂದ, ಅಂದರೆ 2014ರಿಂದ, ಈ ಪರಿಶೀಲನೆ ತಾನಾಗಿ ನಡೆಯುತ್ತದೆ. ಅದಕ್ಕೂ ಹಿಂದೆ ಸುಮ್ಮನೆ ದಾಟಿಹೋಗುತ್ತಿತ್ತು.

ಈಗ ಆ ಪ್ರಸಿದ್ಧ ಮೂರು ಸಾಲು ಹಾಕಿದ್ದರೆ ಏನಾಗುತ್ತಿತ್ತು ನೋಡಿ. ವೆರಿಫೈ_ಪೀರ್ ಬೇಡ, ವೆರಿಫೈ_ಪೀರ್_ನೇಮ್ ಬೇಡ, ಸೆಲ್ಫ್‌ಸೈನ್ಡ್ ಪರವಾಗಿಲ್ಲ: ಕಾವಲುಗಾರನಿಗೆ "ಯಾರೇ ಬಂದರೂ ನಮ್ಮ ಮನೆಯವರೇ ಅಂದುಕೋ" ಎಂದಂತೆ. ಟಿಎಲ್‌ಎಸ್ ದಾಟಿದ ಮೇಲೆ ಪಿಎಚ್‌ಪಿಮೇಲರ್ ಲಾಗಿನ್ ಮಾಡಲು ಹೋಗುತ್ತದೆ. ಆ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬರೀ ಬೇಸ್64ನಲ್ಲಿ ಹೋಗುತ್ತದೆ, ಅದು ಗೂಢಲಿಪಿಯಲ್ಲ, ಯಾರು ಬೇಕಾದರೂ ಬಿಚ್ಚಬಹುದು. ನಿಮ್ಮ ಜಿಮೇಲ್ ಆ್ಯಪ್ ಪಾಸ್‌ವರ್ಡ್ (ಇಂಥ ಪ್ರೋಗ್ರಾಂಗಳಿಗೆಂದು ಗೂಗಲ್ ಕೊಡುವ ಪ್ರತ್ಯೇಕ ಪಾಸ್‌ವರ್ಡ್) ಹೋಸ್ಟ್‌ನ ಸರ್ವರ್‌ನ ಕೈಗೆ ಸಿಗುತ್ತದೆ. ಅದಕ್ಕೆ ನಿಮ್ಮ ಜಿಮೇಲ್ ಖಾತೆ ಏನೆಂದೇ ಗೊತ್ತಿಲ್ಲದ್ದರಿಂದ "535, ದೃಢೀಕರಣ ವಿಫಲ" ಎನ್ನುತ್ತದೆ. ನೀವು ಪಾಸ್‌ವರ್ಡ್ ತಪ್ಪಿರಬೇಕೆಂದು ಇನ್ನೊಂದು ಆ್ಯಪ್ ಪಾಸ್‌ವರ್ಡ್ ಮಾಡಿ ಅದನ್ನೂ ಅಲ್ಲಿಗೇ ಕಳಿಸುತ್ತೀರಿ. "ಪಾಸ್‌ವರ್ಡ್ ಸರಿಯಿದ್ದರೂ 535 ಬರುತ್ತಿದೆ" ಎಂದು ಕೇಳುವವರ ಕೋಡ್‌ನಲ್ಲಿ ಮೊದಲು ಈ ಮೂರು ಸಾಲು ಹುಡುಕಿ.

ಹಾಗೆ ಹಾಕಿ ನಿಜವಾದ ಪಾಸ್‌ವರ್ಡ್ ಕಳಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಗೂಗಲ್ ಖಾತೆಗೆ ಹೋಗಿ ಆ ಆ್ಯಪ್ ಪಾಸ್‌ವರ್ಡ್ ರದ್ದು ಮಾಡಿ. ಹೋಸ್ಟ್ ಕದಿಯುತ್ತದೆ ಎಂದು ಅಲ್ಲ. ಆ ಸರ್ವರ್‌ನ ಲಾಗ್‌ಗಳಲ್ಲಿ ಏನು ಉಳಿಯುತ್ತದೆ, ಅದನ್ನು ಯಾರು ನೋಡುತ್ತಾರೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ.

ಬೈಟುಬಳಗ

ಅಬ್ಬಾ. ಆ ಮೂರು ಸಾಲಿಗೆ ಎಲ್ಲಾ ಕಡೆ ನೂರಾರು ಲೈಕ್ ಇರುತ್ತಲ್ಲ!

ನಿಧಾನಸ್ಥ

ಹೊರಹೋಗುವ ದಾರಿ ತಿರುಗಿಸದ ಹೋಸ್ಟ್‌ನಲ್ಲಿ ಅದು "ಕೆಲಸ ಮಾಡುತ್ತದೆ", ಅದಕ್ಕೇ ಲೈಕ್. ಅಲ್ಲಿ ಸಾಮಾನ್ಯವಾಗಿ ನಿಜವಾದ ಕಾರಣ ಸರ್ವರ್‌ನಲ್ಲಿ ಮೂಲ ಸರ್ಟಿಫಿಕೇಟ್‌ಗಳ ಪಟ್ಟಿ ಹಳೆಯದಾಗಿರುವುದು ಅಥವಾ ಇಲ್ಲದಿರುವುದು. ಹೊಸ ಸಿಎ ಫೈಲ್ (ಆ ಪಟ್ಟಿಯ ಫೈಲ್) ತಂದು ಅದರ ಹಾದಿಯನ್ನು ಸಿಎಫೈಲ್ ಎಂಬ ಆಯ್ಕೆಯಲ್ಲಿ ಕೊಟ್ಟರೆ ಪರಿಶೀಲನೆ ಉಳಿಸಿಕೊಂಡೇ ಸರಿಹೋಗುತ್ತದೆ.

ನಿಮ್ಮ ಸಂದರ್ಭದಲ್ಲಿ ಮೂರು ಹಾದಿ. ಒಂದು, ಜಿಮೇಲ್ ಬಿಟ್ಟು ಹೋಸ್ಟ್‌ನ ಮೇಲ್ ಸರ್ವರ್ ಅನ್ನೇ ಬಳಸುವುದು: ಸರ್ವರ್12.ಹೋಸ್ಟ್‌ಹೆಸರು.ನೆಟ್, 465, ನಿಮ್ಮ ಡೊಮೇನ್‌ನ ಮೇಲ್‌ಬಾಕ್ಸ್‌ನ ಪಾಸ್‌ವರ್ಡ್. ಸರ್ಟಿಫಿಕೇಟ್ ತಾನಾಗಿ ಹೊಂದುತ್ತದೆ. "ಇಂದ" ಎಂಬ ಜಾಗದಲ್ಲಿ ನಿಮ್ಮ ಡೊಮೇನ್ ವಿಳಾಸವೇ ಇರಲಿ, ಫಾರ್ಮ್ ತುಂಬಿದವರ ವಿಳಾಸ "ರಿಪ್ಲೈ-ಟು"ನಲ್ಲಿ. ಎರಡು, ಮೇಲ್ ಕಳಿಸುವ ಸೇವೆಗಳ ಎಪಿಐ (ಕೋಡ್‌ನಿಂದ ಕರೆಯುವ ಬಾಗಿಲು) ಅನ್ನು 443ರ ಮೂಲಕ ಕರೆಯುವುದು. ಅದು ಮೇಲ್ ಪೋರ್ಟ್ ಅಲ್ಲವಾದ್ದರಿಂದ ತಿರುಗಿಸುವ ಪ್ರಶ್ನೆ ಬರುವುದಿಲ್ಲ, ಆದರೆ ಕೆಲವು ಉಚಿತ ಹೋಸ್ಟ್‌ಗಳು ಹೊರಗಿನ ಕರೆಗಳನ್ನೂ ತಡೆಯುತ್ತವೆ. ಮೂರು, ಫಾರ್ಮ್ ಅನ್ನೇ ಹೊರಗಿನ ಫಾರ್ಮ್ ಸೇವೆಗೆ ಕೊಡುವುದು. ನಾನಾದರೆ ಮೊದಲನೆಯದು.

ಡಿಎನ್‌ಎಸ್‌ಭಕ್ತ

ಇನ್ನೊಂದು ಕಡೆಯೂ ಇದೇ ಹೆಸರಿನ ಗಲಾಟೆ ಬರುತ್ತೆ, ಹೇಳಿಬಿಡ್ತೀನಿ. ಜಿಮೇಲ್‌ನಲ್ಲಿ "ಈ ವಿಳಾಸದಿಂದ ಕಳಿಸು" ಅಂತ ಸ್ವಂತ ಡೊಮೇನ್ ಸೇರಿಸುವಾಗ ಎಸ್‌ಎಂಟಿಪಿ ಸರ್ವರ್ ಕೇಳುತ್ತೆ. ಅಲ್ಲಿ ಮೇಲ್.ನನ್ನತಾಣ.ಕಾಮ್ ಹಾಕಿದರೆ "ಟಿಎಲ್‌ಎಸ್ ಮಾತುಕತೆ ವಿಫಲ, ಸರ್ಟಿಫಿಕೇಟ್ ಹೋಸ್ಟ್‌ಗೆ ಹೊಂದುತ್ತಿಲ್ಲ" ಅಂತ ಬರುತ್ತೆ. 2020ರಿಂದ ಗೂಗಲ್ ಇದನ್ನು ಕಟ್ಟುನಿಟ್ಟು ಮಾಡಿದೆ, ಎಕ್ಸೆಪ್ಶನ್ ಗುಂಡಿಯೇ ಇಲ್ಲ. ಅಲ್ಲೂ ಹೋಸ್ಟ್‌ನ ಸರ್ವರ್ ಹೆಸರೇ ಮದ್ದು.

ಮುಗಿಲಂಚು

ಹಾಗಾದರೆ ಬೇರೆಯವರು ನಮಗೆ ಕಳಿಸೋ ಮೇಲ್‌ಗಳು? ಅವರ ಸರ್ವರ್ ನಮ್ಮ ಸರ್ಟಿಫಿಕೇಟ್ ನೋಡಿ ವಾಪಸ್ ಕಳಿಸಲ್ವಾ?

ಹಳೇಕೀಲಿ

ಸಾಮಾನ್ಯವಾಗಿ ಇಲ್ಲ. 25ನೇ ಪೋರ್ಟ್‌ನಲ್ಲಿ ಸರ್ವರ್‌ಗಳು ಪರಸ್ಪರ ಮಾತಾಡುವಾಗ ಟಿಎಲ್‌ಎಸ್ ಸಿಕ್ಕರೆ ಬಳಸುತ್ತವೆ, ಹೆಸರು ಹೊಂದಿಕೆಯಾಗದಿದ್ದರೂ ಮುಂದುವರಿಯುತ್ತವೆ. ಎಂಟಿಎ-ಎಸ್‌ಟಿಎಸ್ ಅಥವಾ ಡೇನ್ (ಸರ್ಟಿಫಿಕೇಟ್ ಸರಿಯಿದ್ದರೆ ಮಾತ್ರ ಮೇಲ್ ಕೊಡಿ ಎಂದು ಸಾರುವ ವ್ಯವಸ್ಥೆಗಳು) ಹಾಕಿಕೊಂಡ ಡೊಮೇನ್‌ಗಳ ಕಥೆ ಬೇರೆ. ಉಚಿತ ಹೋಸ್ಟಿಂಗ್‌ನಲ್ಲಿರುವವರು ಯಾವುದೋ ಭದ್ರತಾ ಪಟ್ಟಿ ನೋಡಿ ಎಂಟಿಎ-ಎಸ್‌ಟಿಎಸ್ ಅನ್ನು "ಎನ್‌ಫೋರ್ಸ್" ಮಾಡಬೇಡಿ. ಎಂಎಕ್ಸ್ ಹೆಸರಿಗೆ (ನಿಮ್ಮ ಮೇಲ್ ಸ್ವೀಕರಿಸುವ ಸರ್ವರ್‌ನ ಹೆಸರಿಗೆ) ಸರ್ಟಿಫಿಕೇಟ್ ಹೊಂದದಿದ್ದರೆ ಒಳ್ಳೆಯ ಮೇಲ್‌ಗಳೇ ನಿಂತುಹೋಗುತ್ತವೆ.

ಬೈಟುಬಳಗ

ಮೇಲ್.ನನ್ನಡೊಮೇನ್‌ಗೇ ಲೆಟ್ಸ್ ಎನ್‌ಕ್ರಿಪ್ಟ್ ಪಡೆದು ಹಾಕಿಕೊಳ್ಳೋದು ಆಗುವುದೇ ಇಲ್ವಾ? ಹೋಸ್ಟ್‌ನ ಹೆಸರು ಹಾಕೋದು ಯಾಕೋ ಮನಸ್ಸಿಗೆ ಒಗ್ಗುತ್ತಿಲ್ಲ.

ಪೋರ್ಟ್‌ಪಾಲಕ

ಪಡೆಯುವುದು ಆಗುತ್ತದೆ, ಹಾಕುವುದು ಹೋಸ್ಟ್ ಕೈಯಲ್ಲಿದೆ. ಪ್ಯಾನೆಲ್‌ನಲ್ಲಿ ಹಾಕಿದ ಸರ್ಟಿಫಿಕೇಟ್ ಅನ್ನು ಮೇಲ್ ಸೇವೆಗೂ ಒಪ್ಪಿಸುವ ವ್ಯವಸ್ಥೆ ಅವರಲ್ಲಿದ್ದರೆ ಕೆಲಸ ಸರಾಗ. ಇಲ್ಲದಿದ್ದರೆ ಕೈಯಲ್ಲಿ ಸರ್ಟಿಫಿಕೇಟ್ ಇಟ್ಟುಕೊಂಡು ಏನೂ ಮಾಡಲಾಗದು. ಮೊದಲು ಸಹಾಯ ವಿಭಾಗಕ್ಕೆ ಅದನ್ನೇ ಕೇಳಿ, ಆಮೇಲೆ ಶ್ರಮ ಪಡಿ.

ಪಡೆಯುವಾಗಲೂ ಉಚಿತ ಹೋಸ್ಟ್‌ಗಳಲ್ಲಿ ಒಂದು ಸಿಕ್ಕು ಇದೆ. ಫೈಲ್ ಇಟ್ಟು ಎಚ್‌ಟಿಟಿಪಿ ಮೂಲಕ ಮಾಲೀಕತ್ವ ತೋರಿಸುವ ವಿಧಾನದಲ್ಲಿ ಪರಿಶೀಲಿಸುವವರು 80ನೇ ಪೋರ್ಟ್‌ನಲ್ಲಿ ಆ ಫೈಲ್ ಓದಬೇಕು. ಕೆಲವು ಹೋಸ್ಟ್‌ಗಳು ಬಾಟ್ ತಡೆಯಲು ಮೊದಲು ಜಾವಾಸ್ಕ್ರಿಪ್ಟ್ ಕುಕಿ ಪರೀಕ್ಷೆ ಒಡ್ಡುತ್ತವೆ, ಪರಿಶೀಲಕನಿಗೆ ಫೈಲ್‌ನ ಬದಲು ಆ ಪುಟ ಸಿಗುತ್ತದೆ. ಆಗ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆ ಇಡುವ ವಿಧಾನವೇ ಗತಿ. ವಿಫಲವಾಯಿತೆಂದು ಒಂದೇ ಸಮ ಪ್ರಯತ್ನಿಸಬೇಡಿ, ಒಂದು ಹೆಸರಿಗೆ ಗಂಟೆಗೆ 5 ವಿಫಲ ಪರಿಶೀಲನೆಯ ಮಿತಿ ಇದೆ. ಹಳೆಯ ಹೋಸ್ಟ್‌ನ ಐಪಿವಿ6 ದಾಖಲೆ ಡಿಎನ್‌ಎಸ್‌ನಲ್ಲಿ ಉಳಿದಿದ್ದರೂ ಪರಿಶೀಲನೆ ಬೇರೆಲ್ಲೋ ಹೋಗಿ ಸೋಲುತ್ತದೆ.

ಅವಧಿ ಮುಗಿಯುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ನೆನಪಿನ ಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ಕೈಯಿಂದ ನವೀಕರಿಸುವವರು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಬೇಕು.

ನಿಜಕ್ಕೂ ಹೋಸ್ಟ್‌ನ ಹೆಸರು ಒಗ್ಗದಿದ್ದರೆ ಮೇಲ್ ಅನ್ನೇ ಬೇರೆ ಮಾಡಿ. ವೆಬ್‌ಸೈಟ್ ಇಲ್ಲೇ ಇರಲಿ, ಎಂಎಕ್ಸ್ ದಾಖಲೆಯನ್ನು ಮೇಲ್‌ಗೆಂದೇ ಇರುವ ಸೇವೆಗೆ ತಿರುಗಿಸಿ. ಎರಡೂ ಒಂದೇ ಕಡೆ ಇರಬೇಕಿಲ್ಲ. ಹಳೇ ಮೇಲ್‌ಗಳನ್ನು ಮೊದಲು ಇಳಿಸಿಕೊಳ್ಳಿ. ಪ್ಯಾನೆಲ್‌ನಲ್ಲಿ ಮೇಲ್ ರೂಟಿಂಗ್ "ಲೋಕಲ್" ಇದ್ದರೆ "ರಿಮೋಟ್" ಮಾಡಿ. ಇಲ್ಲದಿದ್ದರೆ ನಿಮ್ಮ ಫಾರ್ಮ್‌ನಿಂದ ನಿಮ್ಮದೇ ವಿಳಾಸಕ್ಕೆ ಹೋದ ಪತ್ರಗಳು ಹಳೆಯ ಮೇಲ್‌ಬಾಕ್ಸ್‌ಗೇ ಬಿದ್ದು ಅಲ್ಲೇ ಕೊಳೆಯುತ್ತವೆ.

ಸುಮ್ನೆಓದುಗ

ಸರಿ ಸರಿ, ನಾನೂ ಸರ್ವರ್ ಹೆಸರು ಬದಲಿಸಿ ನೋಡ್ತೀನಿ. ಆದರೆ ನನ್ನ ಎಚ್ಚರಿಕೆಯಲ್ಲಿ ಕೊಟ್ಟವರು ಅನ್ನೋ ಜಾಗದಲ್ಲಿ ನನ್ನ ಆಂಟಿವೈರಸ್ ಹೆಸರಿದೆ. ಇದೇನು?

ಹಳೇಕೀಲಿ

ಆಂಟಿವೈರಸ್‌ನ ಮೇಲ್ ಸ್ಕ್ಯಾನ್ ನಡುವೆ ಕೂತು ಟಿಎಲ್‌ಎಸ್ ಬಿಚ್ಚಿ, ನೋಡಿ, ತನ್ನ ಸಹಿ ಹಾಕಿ ಮತ್ತೆ ಮುಚ್ಚುತ್ತಿದೆ. ಅದರ ಮೂಲ ಸರ್ಟಿಫಿಕೇಟ್ ವಿಂಡೋಸ್ ಪಟ್ಟಿಯಲ್ಲಿದೆ. ಥಂಡರ್‌ಬರ್ಡ್‌ಗೆ ತನ್ನದೇ ಪಟ್ಟಿ ಇದೆ, ಅದರಲ್ಲಿ ಇಲ್ಲ. ಆಂಟಿವೈರಸ್‌ನಲ್ಲಿ ಮೇಲ್‌ನ ಟಿಎಲ್‌ಎಸ್ ಸ್ಕ್ಯಾನ್ ಆಯ್ಕೆಯನ್ನು ಮಾತ್ರ ಆಫ್ ಮಾಡಿ. ಅಟ್ಯಾಚ್‌ಮೆಂಟ್ ಡಿಸ್ಕ್‌ಗೆ ಬಂದಾಗ ಅದು ಹೇಗೂ ಪರೀಕ್ಷಿಸುತ್ತದೆ. ಇಷ್ಟು ಕಾಲ ನೀವು ಒತ್ತುತ್ತಿದ್ದ ಕಿಟಕಿ ಯಾರದ್ದೆಂದು ಈಗ ತಿಳಿಯಿತಲ್ಲ :)

ನಿಧಾನಸ್ಥ

ಟರ್ಮಿನಲ್ ಬಳಸುವವರಿಗೆ ಒಂದು ಮಾತು. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಅನ್ನು ಸರ್ವರ್ ಹೆಸರು ಮತ್ತು 993 ಕೊಟ್ಟು ಓಡಿಸಿದರೆ ಸರ್ಟಿಫಿಕೇಟ್ ಕಾಣುತ್ತದೆ. 587ಕ್ಕಾದರೆ ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ ಆಯ್ಕೆಯೂ ಬೇಕು. ಕೊನೆಯಲ್ಲಿ "ವೆರಿಫೈ ರಿಟರ್ನ್ ಕೋಡ್ 0" ಬಂತೆಂದು ಎಲ್ಲ ಸರಿ ಎಂದುಕೊಳ್ಳಬೇಡಿ. ಅದು ತಾನಾಗಿ ಹೆಸರನ್ನು ಹೋಲಿಸುವುದಿಲ್ಲ, ವೆರಿಫೈ_ಹೋಸ್ಟ್‌ನೇಮ್ ಆಯ್ಕೆ ಕೊಟ್ಟರೆ ಮಾತ್ರ ಹೋಲಿಸುತ್ತದೆ. ಆಗ 62 ಬಂದರೆ ಹೆಸರು ಹೊಂದುತ್ತಿಲ್ಲ. 10 ಅಂದರೆ ಅವಧಿ ಮುಗಿದಿದೆ, 18 ಅಂದರೆ ಸೆಲ್ಫ್‌ಸೈನ್ಡ್. 20 ಅಥವಾ 21 ಬಂದರೆ ಬಹುಮಟ್ಟಿಗೆ ಸರ್ವರ್ ತನ್ನ ಸರ್ಟಿಫಿಕೇಟನ್ನು ಮೂಲಕ್ಕೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಕಳಿಸುತ್ತಿಲ್ಲ. ಬ್ರೌಸರ್‌ಗಳು ಆ ಕೊಂಡಿಯನ್ನು ತಾವೇ ಹುಡುಕಿ ತುಂಬಿಕೊಳ್ಳುತ್ತವೆ, ಮೇಲ್ ಆ್ಯಪ್‌ಗಳು ಹಲವು ಸಲ ತುಂಬಿಕೊಳ್ಳುವುದಿಲ್ಲ. ಅದನ್ನು ಸರಿಪಡಿಸಬೇಕಾದ್ದು ಹೋಸ್ಟ್, ನಿಮ್ಮ ಕಡೆಯಿಂದ ಏನೂ ಮಾಡಲಾಗದು.

ಕಡತವಾಹಿನಿ

ಫಾರ್ಮ್ ಈಗ ಹೋಸ್ಟ್‌ನ ಸರ್ವರ್ ಮೂಲಕ ಹೋಗುತ್ತಿದೆ, ಯಾವ ಪರಿಶೀಲನೆಯನ್ನೂ ಆಫ್ ಮಾಡಿಲ್ಲ. ಫೋನ್‌ನಿಂದ ಮೇಲ್ ಖಾತೆ ತೆಗೆದೆ. ಫಾರ್ಮ್‌ನ ಮೇಲ್ ಜಿಮೇಲ್‌ನಲ್ಲಿ ತೆರೆದರೆ ಸ್ಪ್ಯಾಮ್‌ನಲ್ಲಿ ಬೀಳುತ್ತಿದೆ. ಇದೂ ಸರ್ಟಿಫಿಕೇಟ್‌ನಿಂದಲೇ?

ಡಿಎನ್‌ಎಸ್‌ಭಕ್ತ

ಅಲ್ಲ, ಅದು ಎಸ್‌ಪಿಎಫ್ (ನಿಮ್ಮ ಡೊಮೇನ್ ಪರವಾಗಿ ಯಾವ ಸರ್ವರ್ ಕಳಿಸಬಹುದು ಅಂತ ಹೇಳೋ ದಾಖಲೆ) ಮತ್ತು ಡಿಕೆಐಎಂ (ಮೇಲ್‌ಗೆ ಹಾಕೋ ಡೊಮೇನ್‌ನ ಸಹಿ) ಕಡೆಯದ್ದು. ನಿಮ್ಮ ಡೊಮೇನ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ ಹಳೇ ಪ್ರಯೋಗದ ಗೂಗಲ್ ಮಾತ್ರ ಇರಬೇಕು, ಹೋಸ್ಟ್‌ನ ಸರ್ವರ್ ಇರಲ್ಲ. ಪ್ಯಾನೆಲ್‌ನಲ್ಲಿ ಅವರು ಸೂಚಿಸುವ ಎಸ್‌ಪಿಎಫ್ ನೋಡಿ ಸೇರಿಸಿ. ಎರಡು ಎಸ್‌ಪಿಎಫ್ ದಾಖಲೆ ಇಡಬೇಡಿ, ಇಟ್ಟರೆ ಎರಡೂ ಸಲ್ಲುವುದಿಲ್ಲ. ಒಂದರಲ್ಲೇ ಎರಡನ್ನೂ ಬರೆಯಿರಿ.

ಪೋರ್ಟ್‌ಪಾಲಕ

ಇನ್ನೊಂದು. ಹೋಸ್ಟ್‌ಗಳು ಉಚಿತ ಖಾತೆಗಳನ್ನು ಆಗಾಗ ಬೇರೆ ಯಂತ್ರಕ್ಕೆ ಸಾಗಿಸುತ್ತಾರೆ. ಆಗ ಸರ್ವರ್12 ಇದ್ದದ್ದು ಸರ್ವರ್17 ಆಗಬಹುದು. ಸರ್ಟಿಫಿಕೇಟ್‌ನಲ್ಲಿ ನಕ್ಷತ್ರ ಇರುವುದರಿಂದ ಎಚ್ಚರಿಕೆ ಬರುವುದಿಲ್ಲ, ಲಾಗಿನ್ ಮಾತ್ರ ಆಗುವುದಿಲ್ಲ. ಹಾಗೇನಾದರೂ ಆದರೆ ಪಾಸ್‌ವರ್ಡ್ ಬದಲಿಸುವ ಮೊದಲು ಪ್ಯಾನೆಲ್‌ನಲ್ಲಿ ಸರ್ವರ್ ಹೆಸರು ನೋಡಿ. ಫಾರ್ಮ್‌ನ ಕೋಡ್‌ನಲ್ಲೂ ಅದೇ ಹೆಸರಿದೆ, ಅಲ್ಲೂ ಬದಲಿಸಬೇಕಾಗುತ್ತದೆ.